ರೋಗ ಎದೆಯಲ್ಲಿ, ಕೂದಲೇಕೆ ಉದುರುತ್ತದೆ? ಜೀವಕೋಶ ಒಂದು ಎರಡಾಗುವ ಕತೆ

ಕಳೆದ ಮಳೆಗಾಲದಲ್ಲಿ ಸಿರಸಿಯ ನಮ್ಮತ್ತೆಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. 21 ದಿನಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಕಿಮೋ ಹಾಕಿಸಿಕೊಂಡು ಬರುವುದು ಶುರುವಾಯಿತು. ಎರಡನೇ ಕಿಮೋಗೆ ಹೊರಡುವ ಹೊತ್ತಿಗೆ ಬಾಚಣಿಗೆ ತುಂಬ ಕೂದಲು. ಒಂದು ಸಂಜೆ ಜಗಲಿಯಲ್ಲಿ ಕೂತು ಅತ್ತೆ ಕೇಳಿದರು: "ತಮಾ, ರೋಗ ಇಪ್ಪದು ಎದೆಲ್ಲಿ. ತಲೆಕೂದ್ಲು ಎಂತಕ್ಕೆ ಉದುರ್ತು?"

"ಔಷಧ ಸ್ಟ್ರಾಂಗ್ ಅಲ್ವಾ, ಅದಕ್ಕೆ" ಎಂದೆ. ಅದು ಉತ್ತರವಲ್ಲ ಅನ್ನುವುದು ಅವರಿಗೂ ಗೊತ್ತಿತ್ತು, ನನಗೂ. ಸ್ಟ್ರಾಂಗ್ ಆದರೆ ಉಗುರು ಯಾಕೆ ಕಳಚಿ ಬೀಳಲಿಲ್ಲ? ಕಣ್ಣು ಯಾಕೆ ಚೆನ್ನಾಗಿಯೇ ಇದೆ? ಕೂದಲು, ಬಾಯಿ, ಹೊಟ್ಟೆ, ರಕ್ತ ಇವುಗಳ ಮೇಲೇ ಔಷಧಕ್ಕೆ ಯಾಕೆ ಕಣ್ಣು?

ಸರಿಯಾದ ಉತ್ತರ ಪಿಯುಸಿ ಜೀವಶಾಸ್ತ್ರದ ಒಂದು ಪಾಠದಲ್ಲಿದೆ. ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಎಂದು ನಾವೆಲ್ಲ ಬಾಯಿಪಾಠ ಮಾಡಿ, ನಾಲ್ಕು ಚಿತ್ರ ಬರೆದು, ಅಂಕ ತೆಗೆದುಕೊಂಡು ಮರೆತುಬಿಟ್ಟ ಪಾಠ. ಅದನ್ನೇ ಇನ್ನೊಮ್ಮೆ, ಅತ್ತೆಗೆ ಹೇಳಿದ ಹಾಗೆ ಹೇಳುತ್ತೇನೆ.

ಜೀವಕೋಶ ಒಡೆಯುವುದು ಯಾಕೆ?

ನಮ್ಮ ಮೈಯಲ್ಲಿ ಅಂದಾಜು 30 ಲಕ್ಷ ಕೋಟಿ ಜೀವಕೋಶಗಳಿವೆ. ಎಲ್ಲವೂ ಬಂದದ್ದು ತಾಯಿಯ ಹೊಟ್ಟೆಯಲ್ಲಿದ್ದ ಒಂದೇ ಒಂದು ಕೋಶದಿಂದ. ಅದು ಎರಡಾಯಿತು, ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಕೋಶವನ್ನು ಹೊಸದಾಗಿ ಕಟ್ಟುವ ಬೇರೆ ದಾರಿ ನಮ್ಮ ದೇಹಕ್ಕೆ ಗೊತ್ತಿಲ್ಲ. ಇರುವ ಕೋಶವೇ ಒಡೆದು ಎರಡಾಗಬೇಕು. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ 1850ರ ದಶಕದಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದ. ಆಮೇಲೆ ಅದು ಜೀವಶಾಸ್ತ್ರದ ಅಡಿಗಲ್ಲೇ ಆಯಿತು.

ಬೆಳೆದು ದೊಡ್ಡವರಾದ ಮೇಲೆ ಈ ಕೆಲಸ ನಿಲ್ಲುತ್ತದೆ ಎಂದುಕೊಂಡಿದ್ದರೆ ತಪ್ಪು. ಸಣ್ಣ ಕರುಳಿನ ಒಳಪದರದ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಬದಲಾಗುತ್ತವೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹೋದ ಕಣಗಳ ಜಾಗ ತುಂಬಲು ಮೂಳೆಯೊಳಗಿನ ಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಜಾಸ್ತಿ ಹೊಸ ಕಣ ತಯಾರಿಸುತ್ತಿರುತ್ತದೆ. ನೀವು ಈ ಸಾಲು ಓದಿ ಮುಗಿಸುವಷ್ಟರಲ್ಲಿ ಒಂದು ಕೋಟಿ ದಾಟಿರಬಹುದು.

ಎಲ್ಲ ಕೋಶಗಳಿಗೂ ಇಷ್ಟು ಅವಸರವಿಲ್ಲ. ಮೆದುಳಿನ ನರಕೋಶಗಳು ಬಹುಮಟ್ಟಿಗೆ ಹುಟ್ಟಿನಿಂದ ಬಂದವೇ. ಹೃದಯದ ಸ್ನಾಯುವಿನ ಕೋಶ ಒಡೆಯುವುದು ತೀರಾ ಅಪರೂಪ. ಯಕೃತ್ತಿನ ಕೋಶ ಸುಮ್ನೆ ಕೂತಿರುತ್ತದೆ, ಪೆಟ್ಟು ಬಿದ್ದರೆ ಮಾತ್ರ ಎದ್ದು ಕೆಲಸಕ್ಕೆ ಇಳಿಯುತ್ತದೆ. ಅಂದರೆ ಮೈಯೊಳಗೆ ಕೆಲವು ಸದಾ ಒಡೆಯುವ ಕೋಶಗಳು, ಕೆಲವು ಕೂತೇ ಇರುವ ಕೋಶಗಳು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಾಲಿಗೆ ಮೊದಲು ನಕಲು

ಮನೆ ಪಾಲಾಗುವಾಗ ಏನಾಗುತ್ತದೆ? ತೋಟ ಅರ್ಧ ಇವನಿಗೆ, ಅರ್ಧ ಅವನಿಗೆ. ಕೋಶ ಹಾಗೆ ಮಾಡುವಂತಿಲ್ಲ. ಕೋಶದ ನಡುವೆ ನ್ಯೂಕ್ಲಿಯಸ್ ಎಂಬ ಕೋಣೆ ಇದೆ. ಅದರೊಳಗೆ ಡಿಎನ್‌ಎ ಎಂಬ ನೂಲು. ಯಾವ ಪ್ರೋಟೀನ್ ಹೇಗೆ ಮಾಡಬೇಕು, ಯಾವಾಗ ಮಾಡಬೇಕು ಎನ್ನುವುದೆಲ್ಲ ಅದರ ಮೇಲೆ ಬರೆದಿದೆ. ಅರ್ಧ ಪುಸ್ತಕ ಒಬ್ಬನಿಗೆ, ಅರ್ಧ ಇನ್ನೊಬ್ಬನಿಗೆ ಕೊಟ್ಟರೆ ಇಬ್ಬರೂ ಬದುಕುವುದಿಲ್ಲ. ಹಾಗಾಗಿ ಮೊದಲು ಇಡೀ ಪುಸ್ತಕ ನಕಲಾಗಬೇಕು. ಪಾಲು ಆಮೇಲೆ.

ಮನುಷ್ಯನ ಒಂದು ಕೋಶದ ಡಿಎನ್‌ಎ ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್. ಒಂದೇ ಎಳೆಯಲ್ಲ, 46 ಎಳೆಗಳು. ಒಂದೊಂದು ಎಳೆಗೆ ವರ್ಣತಂತು ಅಥವಾ ಕ್ರೋಮೋಸೋಮ್ ಎಂದು ಹೆಸರು. ಅಮ್ಮನಿಂದ 23, ಅಪ್ಪನಿಂದ 23. ಈ ಲೆಕ್ಕ ಜೀವಿಯಿಂದ ಜೀವಿಗೆ ಬೇರೆ. ಭತ್ತಕ್ಕೆ 24, ನೀರುಳ್ಳಿಗೆ 16, ಅಡಿಕೆಗೆ 32, ತೆಂಗಿಗೂ 32. ಬಟಾಟೆಗೆ 48, ನಮಗಿಂತ ಎರಡು ಜಾಸ್ತಿ! ಲೆಕ್ಕ ದೊಡ್ಡದಾದರೆ ಜೀವಿ ದೊಡ್ಡದು ಎಂದೇನೂ ಇಲ್ಲ.

ಡಿಎನ್‌ಎ ಎರಡು ಎಳೆ ಹೊಸೆದ ಹಗ್ಗದ ಹಾಗಿದೆ. ನಕಲು ಮಾಡಲು ಎರಡನ್ನೂ ಬಿಡಿಸಬೇಕು. ಇಲ್ಲೊಂದು ತಾಪತ್ರಯ. ಮನೆಯಲ್ಲಿ ತೆಂಗಿನ ನಾರಿನ ಹಗ್ಗ ಇದ್ದರೆ ಪರೀಕ್ಷೆ ಮಾಡಿ ನೋಡಿ. ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಯ ಎರಡು ಎಳೆಗಳನ್ನು ಬಲವಾಗಿ ಎರಡೂ ಕಡೆ ಎಳೆಯಿರಿ. ಒಂದು ಗೇಣು ಬಿಚ್ಚುತ್ತದೆ. ಅಷ್ಟರಲ್ಲಿ ಮುಂದಿನ ಭಾಗ ಬಿಗಿಯಾಗಿ, ಸುರುಳಿ ಸುತ್ತಿ, ಗಂಟು ಬೀಳುವ ಹಾಗಾಗುತ್ತದೆ. ಕೋಶದೊಳಗೂ ಇದೇ ಆಗುತ್ತದೆ. ಅಲ್ಲಿ ಟೋಪೋಐಸೋಮರೇಸ್ ಎಂಬ ಕಿಣ್ವ ಇದೆ. ಹೆಸರು ಉದ್ದ, ಕೆಲಸ ಸರಳ. ಬಿಗಿಯಾದಲ್ಲಿ ಹಗ್ಗವನ್ನು ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಕೂಡಿಸಿಬಿಡುತ್ತದೆ. ಇದನ್ನೂ ನೆನಪಿಡಿ.

ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಕೋಶ ಒಂದು ಸಲ ಎರಡಾಗಲು ಸುಮಾರು 24 ಗಂಟೆ ಬೇಕು ಎಂದಿಟ್ಟುಕೊಳ್ಳಿ. ಅದರಲ್ಲಿ ನಿಜವಾಗಿ ಒಡೆಯುವ ಕೆಲಸ ಒಂದು ಗಂಟೆಯದು. ಉಳಿದ 23 ಗಂಟೆ ತಯಾರಿಯದು. ಮೊದಲು ಕೋಶ ದೊಡ್ಡದಾಗುತ್ತದೆ, ನಂತರ ಸುಮಾರು 8 ಗಂಟೆ ಡಿಎನ್‌ಎ ನಕಲು, ಕೊನೆಗೆ ಸ್ವಲ್ಪ ಹೊತ್ತು ತಿದ್ದುಪಡಿ. ಈ ಇಡೀ ತಯಾರಿಗೆ ಇಂಟರ್‌ಫೇಸ್ ಎನ್ನುತ್ತಾರೆ. ಹಿಂದೆ ಇದನ್ನು ವಿಶ್ರಾಂತಿಯ ಹಂತ ಎಂದು ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಮದುವೆಗೆ ಮುಂಚಿನ ಒಂದು ವಾರವನ್ನು ವಿಶ್ರಾಂತಿ ಎಂದ ಹಾಗಾಯಿತು ಅದು!

ಕುಮಟಾ ನೀರುಳ್ಳಿಯ ಬೇರಿನ ತುದಿ

ಬೇಸಿಗೆಯಲ್ಲಿ ಕುಮಟಾದ ಆಚೀಚೆ ಹೆದ್ದಾರಿ ಬದಿಗೆ ನೀರುಳ್ಳಿ ಗೊಂಚಲು ತೂಗುಹಾಕಿ ಮಾರುವುದನ್ನು ನೋಡಿರುತ್ತೀರಿ. ನಮ್ಮ ಕಡೆ ಎರಡು ಮೂರು ಗೊಂಚಲು ತಂದು ಅಡುಗೆಮನೆಯ ಅಡ್ಡಕೋಲಿಗೆ ಕಟ್ಟಿದರೆ ಮಳೆಗಾಲಕ್ಕೆ ಆಯಿತು. ಅದರಲ್ಲಿ ಒಂದು ಗಡ್ಡೆ ಸಾಕು, ಕೋಶ ಒಡೆಯುವುದನ್ನು ಕಣ್ಣಾರೆ ನೋಡಬಹುದು. ಪಿಯುಸಿ ಲ್ಯಾಬಿನಲ್ಲಿ ಮಾಡಿಸುವುದೂ ಇದನ್ನೇ.

ಗಡ್ಡೆಯ ಬುಡದ ಒಣಬೇರನ್ನು ಕೆರೆದು, ಬುಡ ಮಾತ್ರ ನೀರಿಗೆ ತಾಗುವ ಹಾಗೆ ಲೋಟದ ಬಾಯಿಗೆ ಕೂರಿಸಿ. ಮೂರು ನಾಲ್ಕು ದಿನದಲ್ಲಿ ಬಿಳಿ ಬೇರು ಇಳಿಯುತ್ತದೆ. ಬೇರು ಉದ್ದವಾಗುವುದು ತುದಿಯ ಎರಡು ಮೂರು ಮಿಲಿಮೀಟರಿನಲ್ಲಿ ಮಾತ್ರ. ಆ ತುದಿಯನ್ನಷ್ಟೇ ಕತ್ತರಿಸಿ, ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಒಂದು ರಾತ್ರಿ ಇಡಬೇಕು. ಕೋಶಗಳು ಆ ಗಳಿಗೆಯಲ್ಲಿ ಹೇಗಿದ್ದವೋ ಹಾಗೇ ನಿಂತುಬಿಡುತ್ತವೆ. ಆಮೇಲೆ ತೆಳು ಆಮ್ಲದಲ್ಲಿ ಬೆಚ್ಚಗೆ ಮಾಡಿ ಮೆತ್ತಗಾಗಿಸುವುದು, ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕುವುದು, ಮೇಲೊಂದು ತೆಳು ಗಾಜು ಇಟ್ಟು ಹೆಬ್ಬೆರಳಿನಿಂದ ಒತ್ತುವುದು. ಒತ್ತುವಾಗ ಬೆರಳು ಜಾರಿದರೆ ಮುಗಿಯಿತು, ಎಲ್ಲ ಕಲಸಿಹೋಗುತ್ತದೆ. ನನ್ನ ಮೊದಲ ಮೂರು ಸ್ಲೈಡ್ ಹಾಗೇ ಹಾಳಾಗಿದ್ದವು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳ ಸಾಲು. ಹೆಚ್ಚಿನವುಗಳ ನಡುವೆ ಒಂದು ಕೆಂಪು ಉಂಡೆ, ಅಷ್ಟೇ. ಅವು ತಯಾರಿಯಲ್ಲಿರುವ ಕೋಶಗಳು. ನಡುನಡುವೆ ಎಲ್ಲೋ ಒಂದರಲ್ಲಿ ಉಂಡೆಯ ಬದಲು ಕೆಂಪು ನೂಲಿನ ತುಂಡುಗಳು. ಅದನ್ನು ಹುಡುಕಿ ಸಿಕ್ಕಾಗ ಆಗುವ ಖುಷಿಯೇ ಬೇರೆ.

ಒಡೆಯುತ್ತಿರುವ ಕೋಶ ಇಷ್ಟು ಕಮ್ಮಿ ಕಾಣುವುದು ಯಾಕೆ? ಸಿರಸಿ ಬಸ್‌ಸ್ಟ್ಯಾಂಡಿನ ಒಂದು ಫೋಟೋ ತೆಗೆಯಿರಿ. ಕಾಯುತ್ತ ನಿಂತವರು ನೂರು ಜನ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಇಬ್ಬರು. ಕಾಯುವುದು ಗಂಟೆಗಟ್ಟಲೆ, ಹತ್ತುವುದು ಕ್ಷಣದಲ್ಲಿ. ಫೋಟೋದಲ್ಲಿ ಯಾವುದು ಜಾಸ್ತಿ ಕಾಣುತ್ತದೋ ಅದಕ್ಕೆ ಜಾಸ್ತಿ ಸಮಯ ಹಿಡಿಯುತ್ತದೆ. ವಿಜ್ಞಾನಿಗಳು ಸತ್ತ ಕೋಶಗಳನ್ನು ಎಣಿಸಿ ಜೀವಂತ ಕೋಶದ ಗಡಿಯಾರವನ್ನು ಅಂದಾಜು ಮಾಡುವುದು ಇದೇ ಲೆಕ್ಕದಲ್ಲಿ.

ನಾಲ್ಕು ಹಂತ

ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಲಮಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಮರಿಗಳ ಕೋಶದಲ್ಲಿ ಈ ನೂಲಿನ ಆಟವನ್ನು ವಿವರವಾಗಿ ನೋಡಿದ. ಗ್ರೀಕ್ ಭಾಷೆಯಲ್ಲಿ ನೂಲಿಗೆ ಮಿಟೋಸ್ ಎನ್ನುತ್ತಾರೆ. ಅದರಿಂದಲೇ ಮೈಟೋಸಿಸ್ ಎಂಬ ಹೆಸರು ಕೊಟ್ಟ. 1882ರಲ್ಲಿ ಅವನ ಪುಸ್ತಕ ಬಂತು. ಹಂತ ನಾಲ್ಕು ಎಂದು ನಾವು ಎಣಿಸುವುದು ನಮ್ಮ ಅನುಕೂಲಕ್ಕೆ. ಕೋಶಕ್ಕೆ ಅದು ಒಂದೇ ಓಟ, ನಡುವೆ ಗೆರೆ ಇಲ್ಲ.

*ಪ್ರೋಫೇಸ್.* ಕಾರವಾರದ ಬೈತಖೋಲ ಬಂದರಿನಲ್ಲಿ ಮೀನುಗಾರರು ಬಲೆ ಮಡಚುವುದನ್ನು ನೋಡಿದ್ದೀರಾ? ಎರಡು ಬಲೆಗಳು ಒಂದರ ಮೇಲೊಂದು ರಾಶಿ ಬಿದ್ದಿದ್ದರೆ ಎಳೆದು ಬೇರೆ ಮಾಡಲು ಆಗುವುದಿಲ್ಲ, ಹರಿಯುತ್ತದೆ. ಒಂದೊಂದನ್ನೇ ಸುತ್ತಿ ಕಟ್ಟಿಟ್ಟರೆ ಎತ್ತಿ ಇಡುವುದು ಸುಲಭ. ಪ್ರೋಫೇಸ್‌ನಲ್ಲಿ ಆಗುವುದು ಈ ಸುತ್ತುವ ಕೆಲಸ. ಒಂದೊಂದು ಎಳೆ ಸರಾಸರಿ 4 ಸೆಂಟಿಮೀಟರಿಗಿಂತ ಉದ್ದ. ಅದು ಸುರುಳಿ ಸುರುಳಿಯಾಗಿ ಸುತ್ತಿಕೊಂಡು, ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಉದ್ದದ ದಪ್ಪ ತುಂಡಾಗುತ್ತದೆ. ನಕಲು ಆಗಲೇ ಆಗಿರುವುದರಿಂದ ಪ್ರತಿ ತುಂಡೂ ಜೋಡಿ. ಅಸಲು ಮತ್ತು ನಕಲು ಸೊಂಟದ ಹತ್ತಿರ ಅಂಟಿಕೊಂಡಿರುತ್ತವೆ. ಪುಸ್ತಕದ ಚಿತ್ರದಲ್ಲಿ ಗುಣಾಕಾರದ ಚಿಹ್ನೆಯ ಹಾಗೆ ಕಾಣುವುದು ಇದೇ. ಕೊನೆಗೆ ನ್ಯೂಕ್ಲಿಯಸ್‌ನ ಗೋಡೆ ಕರಗುತ್ತದೆ.

ಅತ್ತ ಕೋಶದ ಎರಡು ತುದಿಗಳಿಂದ ಸಣ್ಣ ಹಗ್ಗಗಳು ಬೆಳೆಯತೊಡಗುತ್ತವೆ. ಟ್ಯುಬುಲಿನ್ ಎಂಬ ಪ್ರೋಟೀನಿನ ಮಣಿಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ ಹಗ್ಗಗಳು ಇವು. ಮಣಿ ಸೇರಿಸಿದರೆ ಉದ್ದ, ತೆಗೆದರೆ ಗಿಡ್ಡ. ಎಲ್ಲ ಸೇರಿ ನಡುವೆ ಉಬ್ಬಿ ಎರಡು ತುದಿ ಚೂಪಾದ ಆಕಾರ ಆಗುತ್ತದೆ. ಇದಕ್ಕೆ ಕದಿರು ಎನ್ನುತ್ತಾರೆ, ನೂಲುವ ಚರಕದ ಕದಿರಿನ ಹಾಗೆ ಕಾಣುವುದರಿಂದ.

*ಮೆಟಾಫೇಸ್.* ಹಗ್ಗಗಳು ಹೋಗಿ ಒಂದೊಂದು ಜೋಡಿಯ ಸೊಂಟವನ್ನು ಹಿಡಿಯುತ್ತವೆ. ಅಸಲನ್ನು ಒಂದು ತುದಿಯ ಹಗ್ಗ, ನಕಲನ್ನು ಎದುರು ತುದಿಯ ಹಗ್ಗ. ಎರಡೂ ಕಡೆಯಿಂದ ಎಳೆತ ಸಮನಾದಾಗ ಜೋಡಿಗಳೆಲ್ಲ ಕೋಶದ ನಡುಗೆರೆಗೆ ಬಂದು ಸಾಲಾಗಿ ನಿಲ್ಲುತ್ತವೆ. ರಂಪಣಿ ಬಲೆ ಎಳೆಯುವಾಗಲೂ ಎರಡು ಗುಂಪು, ಎರಡು ಹಗ್ಗ. ಆದರೆ ಅಲ್ಲಿ ಇಬ್ಬರೂ ಒಂದೇ ದಡಕ್ಕೆ ಎಳೆಯುತ್ತಾರೆ. ಇಲ್ಲಿ ಇಬ್ಬರಿಗೂ ಬೇರೆ ಬೇರೆ ದಡ.

ಯಾವುದಾದರೂ ಒಂದು ಜೋಡಿಗೆ ಹಗ್ಗ ಸಿಕ್ಕದಿದ್ದರೆ ಎಲ್ಲರೂ ಕಾಯಬೇಕು. ಉಳಿದ 45 ತಯಾರಾಗಿ ನಿಂತರೂ ಆ ಒಂದು ಬರುವವರೆಗೆ ಗಾಡಿ ಹೊರಡುವುದಿಲ್ಲ.

*ಅನಾಫೇಸ್.* ಎಲ್ಲ ಸರಿಯಿದ್ದರೆ ಅಂಟು ಬಿಡುತ್ತದೆ. ಜೋಡಿಗಳನ್ನು ಹಿಡಿದಿಟ್ಟಿದ್ದ ಪ್ರೋಟೀನನ್ನು ಒಂದು ಕಿಣ್ವ ಒಮ್ಮೆಲೇ ಕತ್ತರಿಸುತ್ತದೆ. ಅಸಲು ಆ ಕಡೆ, ನಕಲು ಈ ಕಡೆ. ಕೆಲವೇ ನಿಮಿಷದ ಕೆಲಸ. ಇಡೀ ಓಟದಲ್ಲಿ ಇದೇ ಅತಿ ಚಿಕ್ಕ ಹಂತ, ಹಾಗಾಗಿ ಸ್ಲೈಡಿನಲ್ಲಿ ಸಿಕ್ಕುವುದೂ ಅಪರೂಪ.

*ಟೀಲೋಫೇಸ್* ಎಂದರೆ ಪ್ರೋಫೇಸ್ ಹಿಂದುಮುಂದಾಗಿ ನಡೆದ ಹಾಗೆ. ಸುತ್ತಿದ್ದು ಬಿಚ್ಚಿಕೊಳ್ಳುತ್ತದೆ, ಹಗ್ಗ ಕಳಚುತ್ತದೆ, ಎರಡೂ ಕಡೆ ಹೊಸ ಗೋಡೆ ಏಳುತ್ತದೆ. ಈಗ ಒಂದು ಕೋಶದಲ್ಲಿ ಎರಡು ನ್ಯೂಕ್ಲಿಯಸ್.

ಇನ್ನು ಕೋಶವೇ ಎರಡಾಗಬೇಕು. ಇಲ್ಲಿ ಪ್ರಾಣಿ ಮತ್ತು ಗಿಡ ಬೇರೆ ದಾರಿ ಹಿಡಿಯುತ್ತವೆ. ನಮ್ಮ ಕೋಶ ಮೆತ್ತಗಿನ ಚೀಲ. ಸೊಂಟಕ್ಕೆ ದಾರ ಕಟ್ಟಿ ಬಿಗಿದ ಹಾಗೆ ಹೊರಗಿನಿಂದ ಒಳಕ್ಕೆ ಸಣ್ಣಗಾಗಿ ತುಂಡಾಗುತ್ತದೆ. ನೀರುಳ್ಳಿಯ ಕೋಶಕ್ಕೆ ಗಟ್ಟಿ ಗೋಡೆ ಇದೆ, ಬಿಗಿಯಲು ಆಗುವುದಿಲ್ಲ. ಅದು ನಡುವೆ ಶುರುಮಾಡಿ ಎರಡೂ ಬದಿಗೆ ಹೊಸ ಗೋಡೆ ಕಟ್ಟುತ್ತ ಹೋಗುತ್ತದೆ, ಒಂದು ಕೋಣೆಗೆ ಅಡ್ಡ ಚಿರೆಕಲ್ಲು ಗೋಡೆ ಹಾಕಿ ಎರಡು ಕೋಣೆ ಮಾಡಿದ ಹಾಗೆ.

ಮಾಜಾಳಿಯಂಥ ಚೆಕ್‌ಪೋಸ್ಟ್

ಕಾರವಾರದಿಂದ ಗೋವಾಕ್ಕೆ ಹೋಗುವಾಗ ಮಾಜಾಳಿಯ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ಕಾಗದ ನೋಡುತ್ತಾರೆ. ಕೋಶದ ದಾರಿಯಲ್ಲಿ ಅಂಥವು ಮುಖ್ಯವಾಗಿ ಮೂರಿವೆ. ನಕಲು ಶುರುವಾಗುವ ಮೊದಲು ಒಂದು: ಒಡೆಯುವ ಅಗತ್ಯ ಇದೆಯಾ, ಡಿಎನ್‌ಎಗೆ ಪೆಟ್ಟಾಗಿದೆಯಾ? ಸುತ್ತುವ ಮೊದಲು ಇನ್ನೊಂದು: ನಕಲು ಪೂರ್ತಿ ಆಯಿತಾ, ತಪ್ಪು ಉಳಿದಿದೆಯಾ? ಮೂರನೆಯದು ಮೆಟಾಫೇಸ್‌ನಲ್ಲಿ ಆಗಲೇ ನೋಡಿದ್ದು: ಎಲ್ಲ ಜೋಡಿಗೂ ಹಗ್ಗ ಸಿಕ್ಕಿತಾ? ಈ ಗೇಟುಗಳನ್ನು ತೆರೆದು ಮುಚ್ಚುವ ಯಂತ್ರವನ್ನು ಕಂಡುಹಿಡಿದ ಲೆಲ್ಯಾಂಡ್ ಹಾರ್ಟ್‌ವೆಲ್, ಟಿಮ್ ಹಂಟ್ ಮತ್ತು ಪಾಲ್ ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಬಂತು. ಅವರು ನೋಡಿದ್ದು ಯೀಸ್ಟ್ ಮತ್ತು ಸಮುದ್ರದ ಅರ್ಚಿನ್‌ಗಳಲ್ಲಿ. ಅದೇ ಯಂತ್ರ ನಮ್ಮಲ್ಲೂ ಇದೆ.

ಮೊದಲ ಗೇಟಿನ ಕಾವಲುಗಾರರಲ್ಲಿ ಮುಖ್ಯವಾದದ್ದು ಪಿ53 ಎಂಬ ಪ್ರೋಟೀನ್. ಡಿಎನ್‌ಎ ಹರಿದಿದ್ದರೆ ಅದು ಗಾಡಿ ನಿಲ್ಲಿಸುತ್ತದೆ. ರಿಪೇರಿ ಆದರೆ ಬಿಡುತ್ತದೆ. ಆಗದಿದ್ದರೆ ಕೋಶಕ್ಕೆ ತನ್ನನ್ನು ತಾನೇ ಮುಗಿಸಿಕೊಳ್ಳಲು ಹೇಳುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಪಿ53ಯೇ ಕೆಟ್ಟಿರುತ್ತದೆ.

ಕ್ಯಾನ್ಸರ್ ಎಂದರೆ ತುಂಬ ಜೋರಾಗಿ ಒಡೆಯುವ ಕೋಶ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಕರುಳಿನ ಒಳಪದರ ಎಷ್ಟೋ ಗಡ್ಡೆಗಳಿಗಿಂತ ಜೋರಾಗಿ ಒಡೆಯುತ್ತದೆ. ವ್ಯತ್ಯಾಸ ಇರುವುದು ನಿಲ್ಲುವುದರಲ್ಲಿ. ಒಳ್ಳೆಯ ಕೋಶ ಸಾಕು ಎಂದಾಗ ನಿಲ್ಲುತ್ತದೆ, ಕ್ಯಾನ್ಸರ್ ಕೋಶ ನಿಲ್ಲುವುದಿಲ್ಲ. ಒಂದು ಕೋಶ 30 ಸಲ ದುಪ್ಪಟ್ಟಾದರೆ 107 ಕೋಟಿ ಆಗುತ್ತದೆ. ಅಷ್ಟಾದಾಗ ಗಡ್ಡೆ ಸುಮಾರು ಒಂದು ಸೆಂಟಿಮೀಟರ್, ಒಂದು ದೊಡ್ಡ ಕಡಲೆಕಾಳಿನಷ್ಟು. ಕೈಗೆ ಸಿಕ್ಕುವ ಹೊತ್ತಿಗೆ ಅದರ ಪ್ರಯಾಣದ ದೊಡ್ಡ ಪಾಲು ಮುಗಿದಿರುತ್ತದೆ.

ಈಗ ಕೂದಲಿಗೆ ಬರೋಣ

ಕಿಮೋ ಔಷಧ ರಕ್ತದಲ್ಲಿ ಇಡೀ ಮೈ ಸುತ್ತುತ್ತದೆ. ಕ್ಯಾನ್ಸರ್ ಕೋಶ ಯಾವುದು, ಒಳ್ಳೆಯ ಕೋಶ ಯಾವುದು ಎಂದು ಹಳೆಯ ಬಗೆಯ ಹೆಚ್ಚಿನ ಕಿಮೋ ಔಷಧಗಳಿಗೆ ಗೊತ್ತಾಗುವುದಿಲ್ಲ. ಅವು ನೋಡುವುದು ಒಂದನ್ನೇ: ಯಾರು ಈಗ ಒಡೆಯುತ್ತಿದ್ದಾರೆ? ಕೆಲವು ಔಷಧ ಡಿಎನ್‌ಎ ನಕಲನ್ನು ಕೆಡಿಸುತ್ತವೆ, ಕೆಲವು ಹಗ್ಗವನ್ನು ಕೆಡಿಸುತ್ತವೆ. ಎರಡರಲ್ಲೂ ಒಡೆಯಲು ಹೊರಟ ಕೋಶ ನಡುದಾರಿಯಲ್ಲಿ ಸಿಕ್ಕಿ ಸಾಯುತ್ತದೆ. ಸುಮ್ಮನೆ ಕೂತ ಕೋಶಕ್ಕೆ ಅಷ್ಟು ತಟ್ಟುವುದಿಲ್ಲ.

ಹಾಗಾದರೆ ಮೈಯಲ್ಲಿ ಸದಾ ಒಡೆಯುತ್ತಿರುವವರು ಯಾರು? ಆಗಲೇ ಪಟ್ಟಿ ಮಾಡಿದೆವಲ್ಲ. ಕರುಳು ಮತ್ತು ಬಾಯಿಯ ಒಳಪದರ: ಅದಕ್ಕೇ ಬಾಯಿಹುಣ್ಣು, ಭೇದಿ. ಮೂಳೆಮಜ್ಜೆ: ಅದಕ್ಕೇ ರಕ್ತ ಕಮ್ಮಿ, ಸುಸ್ತು. ಮತ್ತೆ ಕೂದಲಿನ ಬುಡ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿದ್ದರೆ ಅದರಲ್ಲಿ ನೂರಕ್ಕೆ 85–90 ಯಾವ ಹೊತ್ತಿಗೂ ಬೆಳೆಯುತ್ತಲೇ ಇರುತ್ತವೆ. ತಿಂಗಳಿಗೆ ಒಂದು ಸೆಂಟಿಮೀಟರ್ ಉದ್ದವಾಗಬೇಕೆಂದರೆ ಬುಡದ ಕೋಶಗಳು ಬಿಡುವಿಲ್ಲದೆ ಒಡೆಯಬೇಕು. ಔಷಧ ಅವನ್ನು ನಿಲ್ಲಿಸಿದಾಗ ಕೂದಲಿನ ಬುಡ ಸಪೂರವಾಗಿ ಮುರಿಯುತ್ತದೆ, ಇಲ್ಲವೇ ಕಳಚುತ್ತದೆ. ಕಿಮೋ ಶುರುವಾದ ಎರಡು ಮೂರು ವಾರಕ್ಕೆ ಉದುರುವುದು ಇದಕ್ಕೇ. ಎಲ್ಲ ಕಿಮೋ ಔಷಧಗಳಿಗೂ ಕೂದಲು ಉದುರುವುದಿಲ್ಲ ಅನ್ನುವುದನ್ನೂ ಹೇಳಬೇಕು.

ಉಗುರು? ಅದೂ ಬೆಳೆಯುತ್ತದೆ, ಆದರೆ ಕೂದಲಿಗಿಂತ ಬಹಳ ನಿಧಾನ. ಅದರ ಮೇಲೆ ಅಡ್ಡ ಗೆರೆ ಬೀಳಬಹುದು. ಕಿಮೋ ಕೊಟ್ಟ ದಿನ ಬೆಳವಣಿಗೆ ನಿಂತ ಗುರುತು ಅದು. ಅತ್ತೆಯ ಹೆಬ್ಬೆರಳಿನಲ್ಲಿ ನಾನೇ ಎಣಿಸಿದೆ, ಮೂರು ಗೆರೆ, ಮೂರು ಸಲದ ಕಿಮೋ.

21 ದಿನದ ಅಂತರ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಪೆಟ್ಟು ತಿಂದ ಮಜ್ಜೆ ಮತ್ತೆ ಚೇತರಿಸಿಕೊಳ್ಳಲು ಹೆಚ್ಚುಕಡಿಮೆ ಮೂರು ವಾರ ಬೇಕು. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ತೀರಾ ಕೆಳಗಿಳಿಯುವುದು ಸಾಮಾನ್ಯವಾಗಿ ಒಂದರಿಂದ ಎರಡು ವಾರದ ನಡುವೆ. ಆ ದಿನಗಳಲ್ಲಿ 100.4 ಡಿಗ್ರಿ ಜ್ವರ ಬಂದರೂ "ಮಳೆಯಲ್ಲಿ ನೆಂದದ್ದಕ್ಕೆ" ಎಂದು ಕಷಾಯ ಕುಡಿದು ಮಲಗಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ.

ಕೂದಲಿನ ಬುಡದಲ್ಲಿ ಮುಂದೆ ಒಡೆಯಬೇಕಾದ ಮೂಲ ಕೋಶಗಳು ಸುಮ್ಮನೆ ಕೂತ ಜಾತಿಯವು. ಅವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಅದಕ್ಕೇ ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಕೂದಲು ಮತ್ತೆ ಬರುತ್ತದೆ. ಅತ್ತೆಗೆ ಈಗ ಒಂದು ಇಂಚಾಗಿದೆ. ಅರವತ್ತು ವರ್ಷ ನೆಟ್ಟಗಿದ್ದ ಕೂದಲು ಈಗ ಗುಂಗುರು. ಹೀಗಾಗುವುದು ಮಾಮೂಲು.

ಹಿತ್ತಲಿನ ಮೂರು ಗಿಡ

ಕೋಶದ ಓಟವನ್ನು ಬೇರೆ ಬೇರೆ ಕಡೆ ತಡೆಯುವ ಮೂರು ಗಿಡ ನಮ್ಮ ಜಿಲ್ಲೆಯಲ್ಲೇ ಇವೆ.

ಮೊದಲನೆಯದು ನಿತ್ಯಪುಷ್ಪ. ಊರು ಮಡಗಾಸ್ಕರ್ ಆದರೂ ಈಗ ನಮ್ಮ ಅಂಗಳದ್ದೇ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಸಕ್ಕರೆ ಕಾಯಿಲೆಗೆ ಮದ್ದು ಸಿಗಬಹುದೆಂದು ಇದರ ಎಲೆಯ ಸಾರ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿಯಿತು. ಅದರಿಂದ ವಿನ್‌ಬ್ಲಾಸ್ಟಿನ್ ಸಿಕ್ಕಿತು. ಅದೇ ಗಿಡದಿಂದ ಬಂದ ಇನ್ನೊಂದು ಔಷಧ ವಿನ್‌ಕ್ರಿಸ್ಟಿನ್, ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಕೊಡುತ್ತಾರೆ. ಎರಡೂ ಟ್ಯುಬುಲಿನ್ ಮಣಿಗಳನ್ನು ಹಿಡಿದು ಹಗ್ಗ ಆಗದಂತೆ ಮಾಡುತ್ತವೆ. ಕೋಶ ಮೆಟಾಫೇಸ್‌ನಲ್ಲಿ ಕಾಯುತ್ತ ಕಾಯುತ್ತ ಸಾಯುತ್ತದೆ. ಹಾಗೆಂದು ಎಲೆ ಅಗಿದರೆ ಕ್ಯಾನ್ಸರ್ ಗುಣವಾಗುವುದಿಲ್ಲ. ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು, ಮತ್ತು ಎಲೆಯಲ್ಲಿ ಬೇಡದ ವಿಷಗಳೂ ಇವೆ.

ಎರಡನೆಯದು ಗೌರಿ ಹೂ, ಅಗ್ನಿಶಿಖೆ ಎಂದೂ ಕರೆಯುತ್ತಾರೆ. ಮಳೆಗಾಲದಲ್ಲಿ ಬೇಲಿ ಮೇಲೆ ಹಳದಿ ಕೆಂಪು ಬೆಂಕಿಯ ಹಾಗೆ ಅರಳುತ್ತದಲ್ಲ, ಅದು. ಗಡ್ಡೆ ಬೀಜಗಳಲ್ಲಿ ಕೊಲ್ಚಿಸಿನ್ ಎಂಬ ಘೋರ ವಿಷ ಇದೆ. ಇದೂ ಹಗ್ಗ ತಡೆಯುವುದೇ. ಕ್ಯಾನ್ಸರಿಗೆ ಇದನ್ನು ಬಳಸುವುದಿಲ್ಲ, ಆದರೆ ವಿಜ್ಞಾನಕ್ಕೆ ದೊಡ್ಡ ಉಪಕಾರ ಮಾಡಿದೆ. ಮನುಷ್ಯನಿಗೆ 48 ವರ್ಣತಂತು ಎಂದು ಪುಸ್ತಕಗಳು ಬಹಳ ಕಾಲ ಹೇಳುತ್ತಿದ್ದವು. ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ತಿಯೊ ಮತ್ತು ಆಲ್ಬರ್ಟ್ ಲೆವಾನ್ ಕೊಲ್ಚಿಸಿನ್ ಹಾಕಿ ಕೋಶಗಳನ್ನು ಮೆಟಾಫೇಸ್‌ನಲ್ಲೇ ನಿಲ್ಲಿಸಿದರು. ಎಳೆಗಳು ಬಿಡಿಬಿಡಿಯಾಗಿ ಕಂಡವು. ಎಣಿಸಿದರೆ 46! ಇದು ಪ್ರಕಟವಾದದ್ದು 1956ರಲ್ಲಿ. ಡಿಎನ್‌ಎಯ ಹೊಸೆದ ಹಗ್ಗದ ಆಕಾರ ಗೊತ್ತಾಗಿ ಆಗಲೇ ಮೂರು ವರ್ಷವಾಗಿತ್ತು.

ಮೂರನೆಯದು ಘಟ್ಟದ ಕಾಡಿನ ದುರ್ವಾಸನೆ ಮರ. ಹೆಸರೇ ಹೇಳುತ್ತದೆ, ಹತ್ತಿರ ನಿಲ್ಲಲು ಆಗುವುದಿಲ್ಲ. ಇದರಲ್ಲಿರುವ ಕ್ಯಾಂಪ್ಟೋಥೆಸಿನ್ ತಡೆಯುವುದು ಹಗ್ಗವನ್ನಲ್ಲ, ನಕಲನ್ನು. ನಾರಿನ ಹಗ್ಗದ ಬಿಗಿ ಸಡಿಲಿಸುತ್ತಿದ್ದ ಕಿಣ್ವ ನೆನಪಿದೆಯಲ್ವಾ? ಅದು ಕತ್ತರಿಸಿದ ಮೇಲೆ ಮತ್ತೆ ಕೂಡಿಸದ ಹಾಗೆ ಈ ವಸ್ತು ಮಧ್ಯೆ ಸಿಕ್ಕಿಕೊಳ್ಳುತ್ತದೆ. ಇದನ್ನು ತಿದ್ದಿ ಮಾಡಿದ ಟೋಪೋಟೆಕಾನ್, ಇರಿನೋಟೆಕಾನ್ ಔಷಧಗಳು ಈಗ ಬಳಕೆಯಲ್ಲಿವೆ. ಬೇಡಿಕೆ ಜಾಸ್ತಿಯಾಗಿ ಪಶ್ಚಿಮಘಟ್ಟದಲ್ಲಿ ಈ ಮರ ಬಹಳ ಕಡಿತಕ್ಕೆ ಸಿಕ್ಕಿದೆ.

ಅತ್ತೆಗೆ ಕೊಟ್ಟದ್ದರಲ್ಲಿ ಒಂದು ಪ್ಯಾಕ್ಲಿಟಾಕ್ಸೆಲ್, ಅಮೆರಿಕದ ಯೂ ಮರದ ತೊಗಟೆಯಲ್ಲಿ ಮೊದಲು ಸಿಕ್ಕಿದ ಔಷಧ. ಅದರ ದಾರಿ ತಿರುಗಾಮುರುಗಾ. ಹಗ್ಗ ಆಗಲು ಬಿಡುತ್ತದೆ, ಕಳಚಲು ಬಿಡುವುದಿಲ್ಲ. ಗಿಡ್ಡವಾಗದ ಹಗ್ಗದಿಂದ ಏನನ್ನು ಎಳೆಯುವುದು? ಅದು ಶುರುವಾದ ಮೇಲೆ ಅತ್ತೆಗೆ ಬೆರಳ ತುದಿ ಜುಮುಜುಮು, ಕುಪ್ಪಸದ ಗುಂಡಿ ಹಾಕಲು ಕಷ್ಟ. ನರಕೋಶ ಒಡೆಯುವುದೇ ಇಲ್ಲವಲ್ಲ, ಅದಕ್ಕೇಕೆ ತೊಂದರೆ? ನರದ ಉದ್ದಕ್ಕೂ ಸಾಮಾನು ಸಾಗಿಸುವ ಹಳಿಗಳೂ ಅದೇ ಟ್ಯುಬುಲಿನ್ ಹಗ್ಗಗಳೇ. ಬೆನ್ನಿನಿಂದ ಕಾಲ್ಬೆರಳಿನವರೆಗೆ ಒಂದೇ ಎಳೆ ಹೋಗುವ ಉದ್ದದ ನರಗಳಿಗೆ ಮೊದಲು ಪೆಟ್ಟು.

"ಭಾವ, ಇದು ನಂಗೂ ಬತ್ತಾ?"

ಇದು ಅತ್ತೆಯ ಮಗಳ ಪ್ರಶ್ನೆ. ಇದಕ್ಕೆ ಇನ್ನೊಂದು ಬಗೆಯ ವಿಭಜನೆ ಗೊತ್ತಿರಬೇಕು.

ಅತ್ತೆಯ ಎದೆಯ ಕೋಶದಲ್ಲಿ ಆದ ತಪ್ಪು ಆ ಕೋಶದ ಸಂತಾನಕ್ಕೆ ಮಾತ್ರ ಹೋಗುತ್ತದೆ. ಮಕ್ಕಳಿಗೆ ಹೋಗುವುದು ಅಂಡ ಮತ್ತು ವೀರ್ಯಾಣುವಿನಲ್ಲಿ ಇರುವುದಷ್ಟೇ. ಅವು ತಯಾರಾಗುವುದು ಮಿಯೋಸಿಸ್ ಎಂಬ ವಿಭಜನೆಯಿಂದ. ಅಲ್ಲಿ ನಕಲು ಒಂದು ಸಲ, ಪಾಲು ಎರಡು ಸಲ. ಮೊದಲ ಪಾಲಿನಲ್ಲಿ ಅಮ್ಮನ ಎಳೆ ಮತ್ತು ಅಪ್ಪನ ಎಳೆ ಜೊತೆಯಾಗಿ, ತುಂಡುಗಳನ್ನು ಅದಲುಬದಲು ಮಾಡಿಕೊಂಡು ಬೇರೆಯಾಗುತ್ತವೆ. ಎರಡನೆಯದು ಮೈಟೋಸಿಸ್‌ನ ಹಾಗೇ. ಕೊನೆಗೆ ಪ್ರತಿ ಕೋಶಕ್ಕೆ 23. ಯಾವ 23 ಎಂಬುದು ಚೀಟಿ ಎತ್ತಿದ ಹಾಗೆ. ಅದಲುಬದಲು ಲೆಕ್ಕಕ್ಕೆ ಹಿಡಿಯದಿದ್ದರೂ ಒಬ್ಬರಲ್ಲಿ 83,88,608 ಬಗೆ ಸಾಧ್ಯ. ಹತ್ತಿರ ಹತ್ತಿರ 84 ಲಕ್ಷ! ಅಜ್ಜಿ ಹೇಳುತ್ತಿದ್ದ 84 ಲಕ್ಷ ಯೋನಿಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಲೆಕ್ಕ ಹಾಕಿದಾಗ ನಗು ಬಂತು.

ಎಳೆಗಳು ಜೊತೆಯಾಗಲು ಸಮಸಂಖ್ಯೆ ಬೇಕು. ಪಚ್ಚಬಾಳೆಯ ಹಾಗೆ ನಾವು ತಿನ್ನುವ ಎಷ್ಟೋ ಬಾಳೆಗಳಲ್ಲಿ 11ರ ಮೂರು ಕಂತೆ, ಒಟ್ಟು 33. ಮೂವರನ್ನು ಜೋಡಿ ಮಾಡುವುದು ಹೇಗೆ? ಮಿಯೋಸಿಸ್ ಕೆಡುತ್ತದೆ, ಬೀಜ ಆಗುವುದಿಲ್ಲ. ಅದಕ್ಕೇ ಬಾಳೆಯನ್ನು ಹಿಳ್ಳೆಯಿಂದ ನೆಡುತ್ತೇವೆ. ಕಾಡಿನ ಕಲ್ಲುಬಾಳೆ ಹಣ್ಣನ್ನು ಕಚ್ಚಿದವರಿಗೆ ಬೀಜ ಇದ್ದರೆ ಏನಾಗುತ್ತದೆ ಎಂದು ಹಲ್ಲೇ ಹೇಳುತ್ತದೆ.

ಹೆಚ್ಚಿನ ಸ್ತನ ಕ್ಯಾನ್ಸರ್ ವಂಶದಿಂದ ಬರುವುದಲ್ಲ. ನೂರರಲ್ಲಿ 5ರಿಂದ 10ರಷ್ಟು ಮಾತ್ರ ಹುಟ್ಟಿನಿಂದಲೇ ಬಂದ ಕೆಟ್ಟ ಜೀನ್‌ನಿಂದ ಆಗುತ್ತವೆ. ಅದರಲ್ಲಿ ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಎರಡು ಮುಖ್ಯ. ಡಿಎನ್‌ಎ ರಿಪೇರಿಗೆ ಬೇಕಾದ ಜೀನ್‌ಗಳು ಅವು. ತಾಯಿಯಲ್ಲಿ ಅದು ಕೆಟ್ಟಿದ್ದರೆ ಮಗುವಿಗೆ ಹೋಗುವ ಸಾಧ್ಯತೆ ಅರ್ಧಕ್ಕರ್ಧ, ಮಗನಾಗಲಿ ಮಗಳಾಗಲಿ. ಚಿಕ್ಕ ವಯಸ್ಸಿಗೇ ಬಂದಿದ್ದರೆ, ಮನೆತನದಲ್ಲಿ ಹಲವರಿಗೆ ಬಂದಿದ್ದರೆ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಬಹುದು. ಪರೀಕ್ಷೆ ಮೊದಲು ರೋಗ ಬಂದವರಿಗೆ ಮಾಡಿದರೆ ಉತ್ತರ ಸ್ಪಷ್ಟವಾಗಿ ಸಿಗುತ್ತದೆ.

ಹುಡುಗಿ ಇದನ್ನೆಲ್ಲ ಕೇಳಿ, "ಆ ಚೀಟಿ ಎತ್ತಿದ್ದು ಯಾವಾಗ?" ಎಂದಳು. ಹೆಣ್ಣುಮಗುವಿನ ಅಂಡಗಳು ತಾಯಿಯ ಗರ್ಭದಲ್ಲಿರುವಾಗಲೇ ಮಿಯೋಸಿಸ್ ಶುರುಮಾಡುತ್ತವೆ. ಅದಲುಬದಲು ಮಾಡಿಕೊಂಡು, ಪ್ರೋಫೇಸ್‌ನಲ್ಲೇ ವರ್ಷಗಟ್ಟಲೆ ನಿಂತುಬಿಡುತ್ತವೆ. ಮತ್ತೆ ಹೊರಡುವುದು ದೊಡ್ಡವಳಾದ ಮೇಲೆ, ತಿಂಗಳಿಗೊಂದರಂತೆ. ಅವಳಾಗಿ ಹುಟ್ಟಿದ ಆ ಅಂಡ ಒಡೆಯಲು ಶುರುಮಾಡಿದ್ದು ಅತ್ತೆ ಇನ್ನೂ ನನ್ನಜ್ಜಿಯ ಹೊಟ್ಟೆಯಲ್ಲಿದ್ದಾಗ. ಅತ್ತೆ ತಲೆಯ ವಸ್ತ್ರ ಸರಿಮಾಡಿಕೊಳ್ಳುತ್ತ, "ನಮ್ಮಬ್ಬೆಗೆ ಇದೆಲ್ಲ ಗೊತ್ತಿತ್ತಿಲ್ಲೆ" ಎಂದರು.